ಮದಿಹಾಳ ಮನೆ

ಚಹಾ ಕುದಿ ಬರುವಷ್ಟರಲ್ಲಿ ನಜ್ಮಾ ಮಗಳ ಮುಖ ಒರೆಸಿ, ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು ಮುಗಿಸಿರುತ್ತಿದ್ದಳು. ಜೇವರ್ಗಿ ಕಾಲೋನಿಯ ಆ ಬಾಡಿಗೆ ಮನೆಯ ಕಿಟಕಿಯಾಚೆ ಟ್ಯೂಶನ್ನಿಗೆ ಹೊರಟ ಹುಡುಗಿಯರು ಕೂದಲು ಬಿಟ್ಟುಕೊಂಡು ನಗುತ್ತ ಹೋಗುತ್ತಿದ್ದರು. ಮದಿಹಾ ಶಾಲೆಗೆ ಹೋಗುವ ವಯಸ್ಸು ದಾಟಿ ಎಷ್ಟೋ ಕಾಲವಾಗಿತ್ತು, ಈಗ ಮೂವತ್ತರ ಹೆಣ್ಣು. ಆದರೆ ನಜ್ಮಾಳ ಕೈಗೆ ಗೊತ್ತಿದ್ದದ್ದು ಆ ಎರಡು ಜಡೆಗಳೇ. ಜಡೆ ಮುಗಿದ ಮೇಲೆ ಚಹಾವನ್ನು ಬಸಿಯಲ್ಲಿ ಆರಿಸಿ, ಮಗಳ ಗದ್ದದ ಕೆಳಗೆ ಟವೆಲ್ ಹಿಡಿದು ಕುಡಿಸುವಳು. ಮಗಳು ಏನಾದರೂ ಹೇಳಲು ಬಾಯಿ ತೆರೆದರೆ, "ಗೊತ್ತದ ಬೇಟಾ, ಬಿಸ್ಕೀಟು ಬೇಕು ಹೌದಿಲ್ಲೋ" ಎಂದು ತಾನೇ ಮಾತು ಪೂರೈಸುವಳು. ಕೆಲವೊಮ್ಮೆ ಮದಿಹಾ ಹೇಳಹೊರಟದ್ದು ಬಿಸ್ಕೀಟಿನ ಮಾತೇ ಆಗಿರುತ್ತಿರಲಿಲ್ಲ. ಆದರೂ ಅವಳು ಬಿಸ್ಕೀಟು ತಿನ್ನುತ್ತಿದ್ದಳು.

ಹೆರಿಗೆಯ ಹೊತ್ತಿನಲ್ಲಿ ಮಿದುಳಿಗೆ ಉಸಿರು ಸಾಲದೆ ಹುಟ್ಟಿದ ಮಗು ಮದಿಹಾ. ಕೈಕಾಲು ಬಿಗಿದುಕೊಂಡೇ ಬೆಳೆದಳು. ಬುದ್ಧಿಗೆ ಯಾವ ಊನವೂ ಇರಲಿಲ್ಲ. ಮಾತೂ ಬರುತ್ತಿತ್ತು. ಆದರೆ ಒಂದೊಂದು ಶಬ್ದವನ್ನೂ ಗಂಟಲಿನಿಂದ ಎಳೆದು ತರಬೇಕಾಗಿತ್ತು, ಕೇಳುವವರಿಗೆ ತಾಳ್ಮೆ ಬೇಕಾಗಿತ್ತು. ಕಮಲಾಪುರದಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಒಯ್ದವಳು ನಜ್ಮಾ. ತರಗತಿಯ ಹೊರಗೆ ಗೋಡೆಗೊರಗಿ ಕೂತು, ಗಂಟೆ ಬಾರಿಸಿದಾಗ ಒಳಗೆ ಹೋಗಿ ನೀರು ಕುಡಿಸಿದವಳೂ ಅವಳೇ. ಪದವಿ ಮುಗಿಯುವವರೆಗೂ ಹಾಗೆಯೇ ನಡೆಯಿತು. ಊರವರು ಆ ತಾಯಿಯನ್ನು ಹೊಗಳಿದರು. ಹೊಗಳಿಕೆ ಸುಳ್ಳಾಗಿರಲಿಲ್ಲ.

ಮದಿಹಾಳಿಗೆ ಇನ್ನೊಂದು ವಿದ್ಯೆ ಇತ್ತು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಓದಿದ ಅವಳ ದಾದಾ, ಅಂದರೆ ತಂದೆಯ ತಂದೆ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಳೆಯ ಉರ್ದು ಕೈಬರಹ ಓದುವುದನ್ನು ಕಲಿಸಿದ್ದರು. ಹೊಲಮನೆಗಳ ಹಳೆಯ ಕಾಗದಪತ್ರಗಳು ಈ ಭಾಗದಲ್ಲಿ ಇನ್ನೂ ಆ ಬರಹದಲ್ಲೇ ಇವೆ, ಓದಬಲ್ಲವರು ಕಡಿಮೆ. ಕಲಬುರಗಿಯ ವಕೀಲ ಸಾಯಿಕುಮಾರ ಇದನ್ನು ಯಾರಿಂದಲೋ ಕೇಳಿ, ತಮ್ಮ ಕಚೇರಿಯಲ್ಲಿ ಅಂಥ ಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸ ಕೊಟ್ಟರು. ಎಡಗೈಯ ಎರಡು ಬೆರಳಿನಿಂದ ಮದಿಹಾ ಕಂಪ್ಯೂಟರಿನಲ್ಲಿ ಅಕ್ಷರ ಒತ್ತುತ್ತಿದ್ದಳು. ನಿಧಾನವಾದರೂ ತಪ್ಪಿಲ್ಲದ ಕೆಲಸ. ಹೀಗೆ ತಾಯಿಮಗಳು ನಗರಕ್ಕೆ ಬಂದರು. ಕಮಲಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ ತಂದೆ ನಬಿಸಾಬ್ ಊರಲ್ಲೇ ಉಳಿದರು. ಇಲ್ಲಿ ನಜ್ಮಾ ವಕೀಲರ ಕಚೇರಿಯ ಬೆಂಚಿನ ಮೇಲೆ ದಿನವಿಡೀ ಕೂರತೊಡಗಿದಳು. ಯಾರಾದರೂ ಬಂದು ಮದಿಹಾಳನ್ನು ಏನಾದರೂ ಕೇಳಿದರೆ ಉತ್ತರ ಬರುತ್ತಿದ್ದದ್ದು ಬೆಂಚಿನಿಂದ.

ಒಂದು ಮುಂಜಾನೆ ಬಚ್ಚಲಿನ ಬಾಗಿಲಲ್ಲಿ ಮಗಳನ್ನು ಎತ್ತಿ ಗಾಲಿಕುರ್ಚಿಗೆ ಇಳಿಸುವಾಗ ನಜ್ಮಾಳ ಭುಜದಲ್ಲಿ ಏನೋ ಕಿತ್ತುಬಂದಂತಾಯಿತು. ಇಬ್ಬರೂ ನೆಲಕ್ಕೆ ಬಿದ್ದರು. ಮದಿಹಾಳ ಗದ್ದ ಹೊಸ್ತಿಲಿಗೆ ಬಡಿದು ರಕ್ತ ಬಂತು. ನಜ್ಮಾಳಿಗೆ ಕೈ ಎತ್ತಲೂ ಆಗಲಿಲ್ಲ. ಮೇಲಿನ ಮನೆಯ ಒಡತಿ ರಮಾಬಾಯಿ ಸಪ್ಪಳ ಕೇಳಿ ಇಳಿದು ಬರುವವರೆಗೂ ತಾಯಿಮಗಳು ಒದ್ದೆ ನೆಲದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ ಬಿದ್ದಿದ್ದರು. ಇನ್ನು ಮುಂದೆ ಭಾರ ಎತ್ತಲೇಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ನಜ್ಮಾ ತಲೆಯಾಡಿಸಿದಳು, ಮಾರನೆಯ ದಿನ ಮತ್ತೆ ಎತ್ತಲು ಹೋದಳು. ನೋವಿಗೆ ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಮದಿಹಾ ನೋಡಿದಳು.

ಅಂಗವಿಕಲರೇ ಸೇರಿ ನಡೆಸುತ್ತಿದ್ದ ಒಂದು ಚಿಕ್ಕ ಸಂಸ್ಥೆ ನಗರದಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಕಪಿಲ ಸ್ವತಃ ಗಾಲಿಕುರ್ಚಿಯ ಮೇಲಿದ್ದವನು. ಮದಿಹಾ ಬಹಳ ದಿನಗಳಿಂದ ಅವನೊಡನೆ ಫೋನಿನಲ್ಲಿ ಬರೆದು ಮಾತಾಡುತ್ತಿದ್ದಳೆಂಬುದು ನಜ್ಮಾಳಿಗೆ ಈಗ ತಿಳಿಯಿತು. ಮನೆಗೊಬ್ಬಳು ಸಹಾಯಕಿ ಬೇಕು, ಸಂಬಳ ನಾನೇ ಕೊಡುತ್ತೇನೆ ಎಂದಳು ಮಗಳು. ನಜ್ಮಾ ಒಪ್ಪಲಿಲ್ಲ. ಕಪಿಲನಿಗೇ ಫೋನು ಮಾಡಿಸಿ, ನೌಕರಾಣಿ ಕಳಿಸುತ್ತೀರೋ ನರ್ಸ್ ಕಳಿಸುತ್ತೀರೋ ಎಂದು ಬಿರುಸಾಗಿ ಕೇಳಿದಳು.

"ಎರಡೂ ಅಲ್ರೀ ಅಮ್ಮಾ," ಎಂದ ಕಪಿಲ. "ನಿಮ್ಮ ಮಗಳು ತನ್ನ ಕೈಲೆ ಮಾಡಬೇಕಾದ್ದು ಏನದ, ಅದನ್ನ ಅಕಿ ಮಾಡಿಕೊಡ್ತಾಳ. ಯಾವಾಗ ಮಾಡಬೇಕು, ಹೆಂಗ ಮಾಡಬೇಕು, ಅದನ್ನ ಮದಿಹಾನೇ ಹೇಳಬೇಕು. ನಾವಲ್ಲ, ನೀವೂ ಅಲ್ಲ."

ಆ ಕಡೆಯ ಮಾತು ನಜ್ಮಾಳಿಗೆ ನಾಟಿತು. ಆ ಶುಕ್ರವಾರ ನಬಿಸಾಬ್ ಊರಿಂದ ಬಂದಾಗ ಅವಳು ಮನದ ಉರಿಯನ್ನೆಲ್ಲ ಹೊರಹಾಕಿದಳು. ಗುರುತುಪರಿಚಯವಿಲ್ಲದವಳು ಬಂದು ವಯಸ್ಸಿಗೆ ಬಂದ ಮಗಳ ಮೈ ತೊಳೆಯುವುದೆಂದರೇನು, ಸಿಟ್ಟಿನಲ್ಲಿ ಹೊಡೆದರೆ ಯಾರು ನೋಡುವವರು, ತಾಯಿ ಬದುಕಿರುವಾಗ ಹೊರಗಿನವರ ಕೈಗೆ ಕೊಟ್ಟರೆಂದು ನೆಂಟರು ಆಡಿಕೊಳ್ಳುವುದಿಲ್ಲವೇ ಎಂದಳು. ಅವಳ ಭಯ ಸುಳ್ಳಿನದಲ್ಲ. ಅಂಥ ಸುದ್ದಿಗಳನ್ನು ಅವಳು ಕೇಳಿದ್ದಳು.

"ನಾ ಏನ್ ಕಮ್ಮಿ ಮಾಡೀನಿ ನಿನಗ?" ಎಂದು ಕೊನೆಗೆ ಮಗಳ ಕಡೆ ತಿರುಗಿದಳು.

ಮದಿಹಾ ಉತ್ತರಿಸಲು ಹೊತ್ತು ತೆಗೆದುಕೊಂಡಳು. ನಬಿಸಾಬ್ ಕೈಯೆತ್ತಿ ಹೆಂಡತಿಯನ್ನು ತಡೆಯದಿದ್ದರೆ ಆ ಉತ್ತರವನ್ನೂ ನಜ್ಮಾಳೇ ಮುಗಿಸಿಬಿಡುತ್ತಿದ್ದಳು.

"ಕಮ್ಮಿ ಏನೂ ಮಾಡಿಲ್ಲ ಅಮ್ಮೀ. ನಾ ಉಸಿರಾಡೋದು ನಿನ್ನಿಂದ. ಆದ್ರ ನಿನಗ ಗೊತ್ತಿಲ್ಲದ ಒಂದು ದಿನಾನೂ ನನ್ನ ಜಿಂದಗಿಯೊಳಗ ಇಲ್ಲ. ನಿನಗೂ ನಿಂದಂತ ಒಂದು ದಿನ ಇಲ್ಲ."

ನಬಿಸಾಬ್, ದುಡಿಯುವವಳು ಅವಳು, ಕೇಳುವುದು ಅವಳ ಹಕ್ಕು, ನೋಡೋಣ ಎಂದು ಹೇಳಿ ನಮಾಜಿಗೆ ಎದ್ದುಹೋದರು.

ಹೀಗೆ ಕಾವೇರಿ ಬಂದಳು. ಮಹಾಗಾಂವದವಳು. ಗಂಡ ಟೆಂಪೊ ಓಡಿಸುತ್ತಿದ್ದ. ಕಪನೂರಿನ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡಿ, ಧೂಳಿಗೆ ಕೆಮ್ಮು ಹತ್ತಿದ ಮೇಲೆ ಬಿಟ್ಟು, ಕಪಿಲನ ಸಂಸ್ಥೆಯಲ್ಲಿ ತರಬೇತಿ ಪಡೆದಿದ್ದಳು. ಅವಳಿಗೂ ಇದು ಮೊದಲ ಕೆಲಸ. ಮೊದಲ ದಿನವೇ ಕುರ್ಚಿಗೆ ಬ್ರೇಕು ಹಾಕಲು ಮರೆತಳು. ಎರಡನೆಯ ದಿನ ಚಹಾ ಬಿಸಿಯಿದೆಯೋ ಎಂದು ನೋಡದೆ ಕುಡಿಸಿದಳು. ನಜ್ಮಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಪ್ರತಿಯೊಂದಕ್ಕೂ ಗದರಿದಳು, ಹೀಗೆ ಹಿಡಿ, ಹಾಗೆ ತಿರುಗಿಸು ಎಂದು ಹೇಳಿದಳು. ಕಾವೇರಿ ಎಲ್ಲ ಕೇಳಿಸಿಕೊಂಡು, ಆಮೇಲೆ ಮದಿಹಾಳ ಮುಂದೆ ಬಗ್ಗಿ, "ನೀವು ಹೇಳ್ರಿ ಅಕ್ಕಾ, ಹೆಂಗ ಮಾಡ್ಲಿ?" ಎಂದು ಕೇಳುತ್ತಿದ್ದಳು. ತರಬೇತಿಯಲ್ಲಿ ಹಾಗೆ ಕೇಳಬೇಕೆಂದು ಹೇಳಿಕೊಟ್ಟಿದ್ದರು.

ತೊಡಕೆಂದರೆ, ಮದಿಹಾಳಿಗೆ ಹೇಳಲು ಬರುತ್ತಿರಲಿಲ್ಲ. ಮಗ್ಗುಲು ಬದಲಿಸುವಾಗ ಮೊದಲು ಯಾವ ಮೊಣಕಾಲು ಮಡಿಸಬೇಕು, ಕುರ್ತಾದ ಯಾವ ತೋಳು ಮೊದಲು, ಬೆನ್ನಿಗೆ ದಿಂಬು ಎಷ್ಟು ಎತ್ತರಕ್ಕೆ. ಇವೆಲ್ಲ ಅಮ್ಮನ ಕೈಗೆ ಗೊತ್ತಿದ್ದವು, ಹಾಗಾಗಿ ಮಗಳ ಬಾಯಿಗೆ ಇವುಗಳ ಮಾತೇ ಬೇಕಾಗಿರಲಿಲ್ಲ. ತನ್ನ ಮೈಯ ಬಗ್ಗೆ ತಾನೇ ಹೇಳಬೇಕಾಗಿ ಬಂದಾಗ ಅವಳು ಎಡವನ್ನು ಬಲ ಎಂದಳು, ಬಲವನ್ನು ಎಡ ಎಂದಳು. ಒಮ್ಮೆ ಇಬ್ಬರೂ ಸೇರಿ ಒಂದು ಕುರ್ತಾವನ್ನು ಹಿಂದುಮುಂದಾಗಿ ತೊಡಿಸಿ ಮುಗಿಸಿದರು. ಒಳಗಿನಿಂದ ನಗು ಕೇಳಿಸಿತು. ಮಗಳು ಹಾಗೆ ಗಂಟಲು ಬಿಟ್ಟು ನಗುವುದನ್ನು ನಜ್ಮಾ ಎಂದೋ ಕೇಳಿದ್ದಳು. ಸಂತೋಷಪಡಬೇಕಾದ ತಾಯಿ ಅಡಿಗೆಮನೆಯ ಕತ್ತಲಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೆಲವು ವಾರಗಳಲ್ಲಿ ಕೆಲಸಕ್ಕೊಂದು ಹದ ಬಂತು. ಕಾವೇರಿ ಕಚೇರಿಗೂ ಜೊತೆಯಲ್ಲಿ ಹೋಗತೊಡಗಿದಳು. ಆಗ ಮದಿಹಾ ತಾಯಿಗೆ, ಒಂದು ವಾರ ಕಮಲಾಪುರಕ್ಕೆ ಹೋಗಿ ಭುಜಕ್ಕೆ ವಿಶ್ರಾಂತಿ ಕೊಡು, ಆ ಏಳು ರಾತ್ರಿ ಕಾವೇರಿ ಇಲ್ಲೇ ಮಲಗಲು ಒಪ್ಪಿದ್ದಾಳೆ ಎಂದಳು. ನಜ್ಮಾ ಅದನ್ನು ಬೇರೆಯಾಗಿಯೇ ಅರ್ಥಮಾಡಿಕೊಂಡಳು. ಬ್ಯಾಗು ತುಂಬಿ, ಮಗಳ ಮುಖವನ್ನೂ ಸರಿಯಾಗಿ ನೋಡದೆ ಬಸ್ಸು ಹತ್ತಿದಳು. ಮಹಾಗಾಂವದ ತಿರುವು ದಾಟುವವರೆಗೂ ಅವಳ ಮನಸ್ಸಿನಲ್ಲಿದ್ದದ್ದು ಒಂದೇ ಮಾತು: ನನ್ನ ಕೆಲಸ ಮುಗಿಯಿತು, ನನ್ನನ್ನು ಕಳಿಸಿಬಿಟ್ಟಳು.

ಕಮಲಾಪುರದ ಮನೆಯಲ್ಲಿ ಮೊದಲ ದಿನ ಅವಳಿಗೆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಗಳಿಗೆಗೊಮ್ಮೆ ಫೋನು ಮಾಡಿದಳು. ಕೆಲಸದ ನಡುವೆ ಆಗುವುದಿಲ್ಲ ಅಮ್ಮೀ, ಸಂಜೆ ನಾನೇ ಮಾಡುತ್ತೇನೆ ಎಂದಳು ಮಗಳು. ಮಾರನೆಯ ಮಧ್ಯಾಹ್ನ ಚಾಪೆಯ ಮೇಲೆ ಸುಮ್ಮನೆ ಮೈಚಾಚಿದವಳಿಗೆ ಎಚ್ಚರವಾದಾಗ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೇಳಿಸುತ್ತಿತ್ತು. ಹಗಲಲ್ಲಿ ಹಾಗೆ ನಿದ್ದೆ ಮಾಡಿದ್ದು ಅವಳಿಗೆ ನೆನಪೇ ಇರಲಿಲ್ಲ. ಎದ್ದು ಗಂಡನ ಅಂಗಡಿಗೆ ನಡೆದಳು. ನಬಿಸಾಬ್ ಅವಳನ್ನು ಕಂಡು ಆಶ್ಚರ್ಯಪಟ್ಟು, ಸ್ಟೂಲು ಒರೆಸಿಕೊಟ್ಟರು. ಇಬ್ಬರೂ ಕೂತು ಚಹಾ ಕುಡಿದರು. ಮದುವೆಯಾದ ಹೊಸತರಲ್ಲಿ ಅವಳು ಇಲ್ಲೇ ಕೂತು ಕುಪ್ಪಸಗಳಿಗೆ ಗುಂಡಿ ಹಾಕುತ್ತಿದ್ದಳು. ನಬಿಸಾಬ್ ಒಂದು ಬಟ್ಟೆಯನ್ನೂ ಸೂಜಿಯನ್ನೂ ಅವಳ ಕಡೆ ಸರಿಸಿದರು. ಭುಜ ಅಷ್ಟಕ್ಕೆ ನೋಯಲಿಲ್ಲ. ಅವಳಿಗೆ ಹಿತವಾಯಿತು. ಹಿತವಾಯಿತೆಂದು ಮರುಕ್ಷಣವೇ ಅಳುಕೂ ಆಯಿತು.

ಆ ಅಳುಕು ತಡೆಯಲಾರದೆ ಭಾನುವಾರ ಅವಳು ಯಾರಿಗೂ ಹೇಳದೆ ಕಲಬುರಗಿಗೆ ಹೊರಟಳು. ಮಗಳಿಗೆಂದು ಊರಿನ ಕೆಂಪು ಬಾಳೆಹಣ್ಣು ಕಟ್ಟಿಕೊಂಡಿದ್ದಳು. ಮನೆಗೆ ಬೀಗ ಹಾಕಿತ್ತು. ಮಗಳ ಫೋನು ಬಂದ್ ಆಗಿತ್ತು. ಮುಂಜಾನೆಯೇ ಇಬ್ಬರೂ ಆಟೋದಲ್ಲಿ ಹೋದರು, ಮದಿಹಾ ನಗುತ್ತಿದ್ದಳು ಎಂದು ರಮಾಬಾಯಿ ಹೇಳಿ, ಮೇಲೆ ಬಂದು ಕೂಡ್ರಿ ಎಂದು ಕರೆದರು. ನಜ್ಮಾ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಹೊತ್ತು ಇಳಿಯಿತು. ಎಲ್ಲಿಗೆ ಒಯ್ದಳೋ, ಏನಾಯಿತೋ. ಕೆಟ್ಟದ್ದೆಲ್ಲ ಸಾಲುಸಾಲಾಗಿ ಕಣ್ಣಮುಂದೆ ಬಂತು.

ಸೂರ್ಯ ಮುಳುಗುವ ಹೊತ್ತಿಗೆ ಆಟೋ ಬಂತು. ಮದಿಹಾಳ ಮುಖ ಬಿಸಿಲಿಗೆ ಕೆಂಪಾಗಿತ್ತು, ಬಿಚ್ಚಿದ ಕೂದಲು ಭುಜದ ಮೇಲೆ ಹರಡಿತ್ತು. ಕುರ್ತಾದ ಮೇಲೆ ಯಾವುದೋ ಚಟ್ನಿಯ ಕಲೆ. ಮೊಣಕೈ ತರಚಿ ರಕ್ತ ಒಣಗಿತ್ತು. ನಜ್ಮಾಳ ಕಣ್ಣು ಆ ಮೊಣಕೈಯ ಮೇಲೆಯೇ ನಿಂತಿತು. ಕೋಟೆ ನೋಡಲು ಹೋಗಿದ್ದೆವು, ಬುರುಜಿನ ಕಡೆಯ ಕಲ್ಲುದಾರಿಯಲ್ಲಿ ಕುರ್ಚಿ ವಾಲಿತು ಎಂದು ಕಾವೇರಿ ಹೇಳುತ್ತಿದ್ದಂತೆಯೇ ಅವಳು ದನಿ ಏರಿಸಿದಳು.

"ಬೀಳಿಸಿದ್ಯಾ ನನ್ನ ಕೂಸಿನ್ನ? ಇದಕ್ಕೇನು ನಿನ್ನ ಇಟ್ಕೊಂಡಿದ್ದು? ನಾಳಿಂದ ಬರಬ್ಯಾಡ."

ಕಾವೇರಿ ತಲೆ ತಗ್ಗಿಸಿದಳು. ಕುರ್ಚಿಯನ್ನು ಮಾತ್ರ ಬಿಡಲಿಲ್ಲ. ಮದಿಹಾ ಬಾಯಿ ತೆರೆದಳು. ಅವಳ ಕತ್ತಿನ ನರಗಳು ಬಿಗಿದವು, ಶಬ್ದ ಬರಲು ತಡವಾಯಿತು. ನಜ್ಮಾ ಏನೋ ಹೇಳಹೋದಳು. ಮಗಳು ಎಡಗೈ ಎತ್ತಿದಳು. ಇಳಿಸಲಿಲ್ಲ. ನಜ್ಮಾ ಸುಮ್ಮನಾದಳು.

"ಆ ದಾರಿ ಬ್ಯಾಡ ಅಂತ ಕಾವೇರಿ ಹೇಳಿದ್ಲು. ನಾನೇ ನಡಿ ಅಂದೆ. ತಪ್ಪು ನಂದು ಅಮ್ಮೀ." ಅವಳು ಉಸಿರು ತೆಗೆದುಕೊಂಡಳು. "ಇಷ್ಟು ವರ್ಷಕ್ಕ ನಂದೇ ಅಂತ ಒಂದು ತಪ್ಪು ಮಾಡೀನಿ. ಅದನ್ನ ಬ್ಯಾರೆಯವರ ತಲಿ ಮ್ಯಾಲೆ ಹಾಕಬ್ಯಾಡ. ನನಗೇ ಇರ್ಲಿ."

ಕಡೆಯ ಶಬ್ದದವರೆಗೂ ನಜ್ಮಾ ಕೇಳಿದಳು. ಮಗಳ ಒಂದು ಮಾತನ್ನು ಹಾಗೆ ಕೊನೆಯವರೆಗೆ ಕೇಳಿ ಎಷ್ಟು ಕಾಲವಾಗಿತ್ತೋ ಅವಳಿಗೇ ತಿಳಿಯದು. ಗದರಿಸಿಕೊಳ್ಳುವ ಹಕ್ಕು ಕೇಳುತ್ತಿದ್ದಾಳೆ ನನ್ನ ಮಗಳು ಎಂದುಕೊಂಡಳು. ಓರಗೆಯವರು ಬಿದ್ದು ಎದ್ದು, ಬೈಸಿಕೊಂಡು ಬೆಳೆದರು. ಇವಳನ್ನು ನಾನು ಬೀಳಗೊಡಲಿಲ್ಲ. ಬೈದದ್ದೂ ಇಲ್ಲ. ಬೈಯುವಂಥದ್ದೇನನ್ನೂ ಅವಳಿಗೆ ಮಾಡಗೊಡಲೇ ಇಲ್ಲವಲ್ಲ.

ಅವಳು ಬಾಳೆಹಣ್ಣಿನ ಚೀಲ ಕೆಳಗಿಟ್ಟು, ಮೆಟ್ಟಿಲ ಮೇಲೆ ಮತ್ತೆ ಕೂತಳು.

"ಹುಚ್ಚಿ," ಎಂದಳು ಮಗಳಿಗೆ. "ಆ ಕಲ್ಲಿನ ಮ್ಯಾಲೆ ಕುರ್ಚಿ ಹೋಗ್ತದೇನು?" ಆಮೇಲೆ ದನಿ ತಗ್ಗಿಸಿ, "ಏನ್ ನೋಡಿದ್ಯೋ ಹೇಳು" ಎಂದಳು.

ಮದಿಹಾ ಹೇಳತೊಡಗಿದಳು. ಕೋಟೆಯೊಳಗಿನ ಮಸೀದಿಯ ತಂಪು, ಒಂದರ ಹಿಂದೊಂದು ಕಾಣುವ ಕಮಾನುಗಳು, ಅಲ್ಲಿ ಆಡುತ್ತಿದ್ದ ಗಿಳಿಗಳು, ಹೊರಗೆ ಬಂದು ತಿಂದ ಖಾರದ ಮಿರ್ಚಿ. ದಾದಾ ಹೇಳುತ್ತಿದ್ದ ಕಮಾನುಗಳು ಇವೇ ಎಂದು ತನಗೆ ಗೊತ್ತಾದಾಗ ಅಳು ಬಂದದ್ದು. ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಬೀದಿದೀಪ ಹತ್ತಿತು. ನಡುನಡುವೆ ಶಬ್ದ ಸಿಗದೆ ಮಗಳು ತಡವರಿಸಿದಾಗ ನಜ್ಮಾಳ ನಾಲಗೆಯ ತುದಿಗೆ ಆ ಶಬ್ದ ಬರುತ್ತಿತ್ತು. ಅವಳು ಅದನ್ನು ಹಲ್ಲಿನ ಹಿಂದೆಯೇ ತಡೆದುಕೊಂಡಳು. ಎರಡು ಸಲ ಮಗಳು ಹೇಳಿದ್ದು ಅವಳು ಎಣಿಸಿದ್ದ ಶಬ್ದವೇ ಆಗಿರಲಿಲ್ಲ.

ಮರುದಿನ ಮುಂಜಾನೆ ಕಾವೇರಿ ಕುಂಟುತ್ತ ಓಡಾಡುವುದು ಕಣ್ಣಿಗೆ ಬಿತ್ತು. ಕುರ್ಚಿ ವಾಲಿದಾಗ ಅವಳು ತನ್ನ ಮೊಣಕಾಲನ್ನು ಕೆಳಗೆ ಕೊಟ್ಟು ತಡೆದಿದ್ದಳಂತೆ. ಅದನ್ನು ಹೇಳಿದವಳು ಮದಿಹಾ. ನಜ್ಮಾ ಕಾವೇರಿಯನ್ನು ಕೈಹಿಡಿದು ಕೂರಿಸಿ, ಬೇಡ ಬೇಡವೆಂದರೂ ಕೇಳದೆ ಬಾತ ಮೊಣಕಾಲಿಗೆ ಔಷಧ ಹಚ್ಚಿದಳು.

"ನಿನ್ನೆ ಅಂದಿದ್ದು ಮನಸ್ಸಿಗೆ ಹಚ್ಕೋಬ್ಯಾಡ," ಎಂದಳು. "ನನ್ನ ಕೈ ಸೋತಿತ್ತು. ನಿನ್ನ ಕೈ ಬಂತು. ಅಲ್ಲಾಹ್ ನಿನ್ನ ಚಲೋ ಇಡ್ಲಿ."

ಮಿಲ್ಲಿನಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, ಅಕ್ಕ ಕರೆಯುತ್ತಾರೆ, ನನಗೂ ಇಲ್ಲಿ ಚಲೋ ಅನಿಸುತ್ತದೆ ಎಂದಳು ಕಾವೇರಿ. ಅಷ್ಟು ಹೇಳಿ, ಕಚೇರಿಗೆ ಹೊತ್ತಾಯಿತೆಂದು ಎದ್ದಳು.

ಆ ಸಂಜೆಯೇ ನಜ್ಮಾ ಕಮಲಾಪುರಕ್ಕೆ ಹಿಂತಿರುಗಿದಳು. ಈ ಸಲ ಮಗಳ ಮುಖವನ್ನು ನೋಡಿಯೇ ಹೊರಟಳು. ಮುಂದಿನ ತಿಂಗಳುಗಳಲ್ಲಿ ಅವಳು ಆಗಾಗ ಬಂದುಹೋಗುತ್ತಿದ್ದಳು. ಹಗಲಿಗೆ ಕಾವೇರಿ, ರಾತ್ರಿಗೆ ಸಂಸ್ಥೆಯಿಂದಲೇ ಬಂದ ಅಮೀನಾ ಎಂಬ ಇನ್ನೊಬ್ಬಳು ಎಂದು ಮದಿಹಾ ತಾನೇ ಏರ್ಪಾಡು ಮಾಡಿಕೊಂಡಳು. ನಬಿಸಾಬರ ಅಂಗಡಿಯಲ್ಲಿ ಎರಡನೆಯ ಸ್ಟೂಲು ಕಾಯಮ್ಮಾಯಿತು. ದಿನದ ಕೊನೆಯ ದುವಾದಲ್ಲಿ ಗಂಡನ, ಮಗಳ ಹೆಸರಿನ ಜೊತೆಗೆ ನಜ್ಮಾ ಮಹಾಗಾಂವದ ಕಾವೇರಿಯ ಹೆಸರನ್ನೂ ಸೇರಿಸಿದಳು. ಅವಳ ಕೆಮ್ಮು ವಾಸಿಯಾಗಲಿ ಎಂದು ಬೇಡಿದಳು.

ರಂಜಾನಿನ ಕೊನೆಯಲ್ಲಿ ಮದಿಹಾಳ ಫೋನು ಬಂತು. ಈ ಸಲ ಈದಿಗೆ ನಾನು ಅಲ್ಲಿಗೆ ಬರುವುದಿಲ್ಲ, ನೀವಿಬ್ಬರೂ ನಮ್ಮ ಮನೆಗೆ ಬರಬೇಕು ಎಂದಳು. ನಮ್ಮ ಮನೆ ಎಂದದ್ದನ್ನು ನಜ್ಮಾ ಗಮನಿಸಿದಳು. ಗಂಡನಿಗೂ ಹೇಳಿದಳು.

ಹೊಸ ಬಟ್ಟೆ ಉಟ್ಟು ಇಬ್ಬರೂ ಬಂದರು. ಒಳಗೆ ಚಾದರ ಹಾಸಿ, ಅತ್ತರು ಇಟ್ಟಿತ್ತು. ಹಬ್ಬದ ಪಾಯಸ ಶೀರ್‌ಖುರ್ಮಾ ಮಾಡಿಸಿದವಳು ಮದಿಹಾ. ಒಲೆಯ ಪಕ್ಕದಲ್ಲಿ ಕುರ್ಚಿ ನಿಲ್ಲಿಸಿಕೊಂಡು ಶಾವಿಗೆ ಎಷ್ಟು ಹುರಿಯಬೇಕು, ಒಣಖರ್ಜೂರದ ಖಾರೀಕು ಯಾವಾಗ ಹಾಕಬೇಕು ಎಂದು ಅವಳು ಹೇಳಿದಂತೆ ಕಾವೇರಿ ಮಾಡಿದ್ದಳು. ಮೊದಲು ಅಬ್ಬಾಗೆ, ಆಮೇಲೆ ಅಮ್ಮೀಗೆ, ತುಂಬ ಕೊಡು ಎಂದು ಮಗಳು ಹೇಳುತ್ತಿದ್ದರೆ ನಜ್ಮಾ ಸೆರಗು ಸರಿಮಾಡಿಕೊಂಡು ಅತಿಥಿಯ ಹಾಗೆ ನೆಟ್ಟಗೆ ಕೂತಳು. ಬಾಯಿಗಿಟ್ಟಾಗ ಸಕ್ಕರೆ ಮಿತಿಮೀರಿತ್ತು. ನಬಿಸಾಬ್ ಹೆಂಡತಿಯ ಮುಖ ನೋಡಿದರು. ಅವಳು ಬಟ್ಟಲು ಖಾಲಿ ಮಾಡಿ ಇನ್ನೊಂದು ಬಟ್ಟಲು ಕೇಳಿದಳು.

ಮದಿಹಾಳ ಒತ್ತಾಯಕ್ಕೆ ಕಾವೇರಿಯೂ ಜೊತೆಗೆ ಕೂತಿದ್ದಳು. ಆದರೆ ಮದಿಹಾಳಿಗೆ ತಿನ್ನಿಸುವುದರಲ್ಲಿ ಅವಳ ಬಟ್ಟಲು ಹಾಗೆಯೇ ಉಳಿದು, ಹಾಲಿನ ಮೇಲೆ ಕೆನೆ ಕಟ್ಟಿತ್ತು. ನಜ್ಮಾ ಅದನ್ನು ನೋಡಿದಳು. ಕೈ ತಾನಾಗಿಯೇ ಚಮಚದ ಕಡೆ ಹೋಯಿತು. ನಡುವೆಯೇ ನಿಂತಿತು.

"ಬೇಟಾ," ಎಂದಳು, "ಇವತ್ತ ನಾ ತಿನಸ್ಲೇನು?"

ಮದಿಹಾ ತಾಯಿಯನ್ನು ನೋಡಿದಳು. ಉತ್ತರ ಬರಲು ತಡವಾಯಿತು. ನಜ್ಮಾ ಕಾದಳು.

"ಹೂಂ," ಎಂದಳು ಮದಿಹಾ. "ಸಣ್ಣ ಚಮಚ ತಗೋ ಅಮ್ಮೀ. ದೊಡ್ಡದು ನನಗ ಎಂದೂ ಸೇರಿಲ್ಲ."

ನಜ್ಮಾ ಎದ್ದು ಒಳಗೆ ಹೋಗಿ ಸಣ್ಣ ಚಮಚ ತಂದಳು.